ಬಲ ಹೆಬ್ಬೆರಳಿನ ಏರುಪೆಟ್ಟು ಮತ್ತು ಹನ್ನೊಂದು ದಿನಗಳ ಗೈರುಹಾಜರಿ

ಸಂಖ್ಯೆ: ಆಡಳಿತ/ಹೆ.ಬೆ./ಬೇ.ಗಿ./29/ತಿದ್ದಿದ ಪ್ರತಿ
ಆಡಳಿತ ಶಾಖೆ, ನೆಲಮಹಡಿ, ಕೊಠಡಿ 4

ಸುತ್ತೋಲೆ

ವಿಷಯ: ಕಚೇರಿಯ ದಾಖಲೆ ಕೊಠಡಿಯಲ್ಲಿ ಊಟದ ವಿರಾಮದ ವೇಳೆ ಬೇಸ್ ಗಿಟಾರಿನ ತಂತಿಗೆ ಹೆಬ್ಬೆರಳಿನಿಂದ ಪೆಟ್ಟು ಕೊಡುವ ಉನ್ನತ ಅಭ್ಯಾಸದ ಬಗ್ಗೆ, ಅದರಿಂದ ಹಾಜರಿ ಯಂತ್ರಕ್ಕೆ ಉಂಟಾದ ಗೊಂದಲದ ಬಗ್ಗೆ, ಹಾಗೂ ಅಸ್ತಿತ್ವದಲ್ಲಿಲ್ಲದ ವಾಲ್ವ್ ಒಂದರ ಬಗ್ಗೆ.

ಉಲ್ಲೇಖ:
1) ನಕ್ಷೆ ಶಾಖೆಯ ಹಿರಿಯ ನಕ್ಷೆಗಾರರ ದೂರು ಸಂಖ್ಯೆ 1ರಿಂದ 26.
2) ಹಾಜರಿ ಯಂತ್ರದ ವರದಿ.
3) ಬೆರಳಚ್ಚುಗಾರ್ತಿಯವರ ಮೌಖಿಕ ಹೇಳಿಕೆ, ನಿಂತುಕೊಂಡು ನೀಡಿದ್ದು.
4) ಬೆರಳಚ್ಚುಗಾರ್ತಿಯವರ ತಮ್ಮನ ಮಣಿಕಟ್ಟಿನ ಎಕ್ಸ್‌ರೇ. (ಯಾರೂ ಕೇಳಿರುವುದಿಲ್ಲ. ಆದರೂ ಲಗತ್ತಿಸಲಾಗಿದೆ.)

ಪ್ರಸ್ತಾವನೆ:

ಮೇಲ್ಕಂಡ ವಿಷಯದ ಬಗ್ಗೆ ಕಚೇರಿಯಲ್ಲಿ ನಾನಾ ತರಹದ ಮಾತುಗಳು ಹರಿದಾಡುತ್ತಿರುವುದು ಕೆಳಸಹಿದಾರರ (ಅಂದರೆ ಆಡಳಿತಾಧಿಕಾರಿಯ) ಗಮನಕ್ಕೆ ಬಂದಿದೆ. ಅವುಗಳಲ್ಲಿ ಕೆಲವು ನಿಜವೂ ಆಗಿರುವುದರಿಂದ ವಿಷಯ ಇನ್ನಷ್ಟು ಜಟಿಲವಾಗಿದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಮೊದಲು ದಾಖಲಿಸಿ, ಅನಂತರ ಸೂಚನೆಗಳನ್ನು ನೀಡುವುದು ಸೂಕ್ತವೆಂದು ಭಾವಿಸಲಾಗಿದೆ. ಸಿಬ್ಬಂದಿ ಸೂಚನೆಗಳನ್ನು ಮಾತ್ರ ಓದಿ ಸಹಿ ಹಾಕುವ ವಾಡಿಕೆ ಇಟ್ಟುಕೊಂಡಿರುವುದು ತಿಳಿದಿದ್ದು, ಈ ಸಲ ಹಾಗೆ ಮಾಡತಕ್ಕದ್ದಲ್ಲ.

1. ಈ ನೀರು ಸರಬರಾಜು ಕಚೇರಿಯಲ್ಲಿ ಒಬ್ಬರೇ ಬೆರಳಚ್ಚುಗಾರ್ತಿ ಇದ್ದು, ಅವರಿಗೆ ಮೂವತ್ತೊಂದು ವರ್ಷಗಳ ಸೇವೆಯಾಗಿರುತ್ತದೆ. ಈ ಅವಧಿಯಲ್ಲಿ ಅವರ ಎಂಟು ಬೆರಳುಗಳು ಎಲ್ಲ ಅಕ್ಷರಗಳನ್ನೂ ಹೊಡೆದಿದ್ದು, ಹೆಬ್ಬೆರಳುಗಳು ಮಾತ್ರ ಪದ ಮತ್ತು ಪದದ ನಡುವಿನ ಖಾಲಿ ಜಾಗವನ್ನು ಹೊಡೆಯುತ್ತ ಬಂದಿವೆ. ಅಂದರೆ ಸದರಿ ಹೆಬ್ಬೆರಳುಗಳು ಮೂವತ್ತೊಂದು ವರ್ಷ ಕೆಲಸ ಮಾಡಿಯೂ ಕಾಗದದ ಮೇಲೆ ಏನನ್ನೂ ಮೂಡಿಸಿರುವುದಿಲ್ಲ. ಇದು ಯಾರ ತಪ್ಪೂ ಅಲ್ಲ.

2. ಬೆರಳಚ್ಚುಗಾರ್ತಿಯವರ ತಮ್ಮನವರು ವೃತ್ತಿಯಲ್ಲಿ ಕನ್ನಡಕದ ಗಾಜು ಉಜ್ಜುವವರು. ಸಂಜೆ ಹೊತ್ತು ನಾಲ್ಕು ಜನರ ವಾದ್ಯತಂಡದಲ್ಲಿ ಬೇಸ್ ಗಿಟಾರ್ ಬಾರಿಸುವವರು. ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಗಳುಳ್ಳ, ಕೆಳಸ್ವರದ ವಾದ್ಯ. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದಾಗ ಹಾಡಿಗೆ ನೆಲವೇ ಇಲ್ಲದಂತಾಗುತ್ತದೆ ಎಂದು ಬೆರಳಚ್ಚುಗಾರ್ತಿಯವರು ವಿವರಿಸಿರುತ್ತಾರೆ. ಸದರಿ ತಮ್ಮನವರು ಕುರ್ಚಿಯ ಮೇಲೆ ಸ್ಟೂಲು ಇಟ್ಟು, ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಿಸಲು ಹೋಗಿ ಬಿದ್ದು, ಬಲ ಮಣಿಕಟ್ಟು ಮುರಿದುಕೊಂಡಿರುತ್ತಾರೆ. ಎಂಟು ವಾರ ಪ್ಲಾಸ್ಟರ್. ಬಲ್ಬು ಸುರಕ್ಷಿತವಾಗಿರುತ್ತದೆ.

3. ದುರಸ್ತಿಯಾಗಿ ಮತ್ತೆ ತೆರೆಯಲಿರುವ ಊರಿನ ಸಭಾಂಗಣದಲ್ಲಿ ಐದು ವಾರಗಳ ನಂತರ ತಂಡದ ಕಾರ್ಯಕ್ರಮವಿತ್ತು. ಅದರ ಮೊದಲ ಹಾಡು ಬರೀ ಬೇಸ್ ಗಿಟಾರಿನಿಂದ, ನಲವತ್ತು ಸೆಕೆಂಡು, ಹೆಬ್ಬೆರಳಿನ ಪೆಟ್ಟಿನಲ್ಲೇ ಆರಂಭವಾಗುತ್ತದೆ. ಬೇಕರಿ ನಡೆಸುತ್ತ ತಂಡದಲ್ಲಿ ಡ್ರಮ್ ಬಾರಿಸುವ ತಂಡದ ಮುಖ್ಯಸ್ಥೆ ಮನೆಗೆ ಬಂದು ನೋಡಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, "ಬೇರೆಯವರನ್ನ ನೋಡ್ಬೇಕಾಗುತ್ತೆ. ಬಂದವರು ಆಮೇಲೆ ಹೋಗಲ್ಲ ಅಂದ್ರೆ ನಾನು ಹೋಗಿ ಅನ್ನೋಕಾಗಲ್ಲ, ಮೊದಲೇ ಹೇಳಿರ್ತೀನಿ" ಎಂದಿರುತ್ತಾರೆ. ಹತ್ತೊಂಬತ್ತು ವರ್ಷದಿಂದ ತಂಡದಲ್ಲಿದ್ದ ತಮ್ಮನವರು ಆ ದಿನದಿಂದ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ.

4. ಈ ಸಂದರ್ಭದಲ್ಲಿ ಬೆರಳಚ್ಚುಗಾರ್ತಿಯವರು ತಾವೇ ಬಾರಿಸುವುದಾಗಿ ಹೇಳಿದ್ದು, ಇದಕ್ಕೆ ಕಾರಣ ಕೇಳಲಾಗಿ ಅವರು ನೀಡಿದ ಹೇಳಿಕೆ ಹೀಗಿದೆ: "ಮೊದಲು ಆ ಗಿಟಾರು ನಂದೇ ಸಾರ್. ಮಾವ ತಂದುಕೊಟ್ಟಿದ್ದು. ಟೈಪಿಂಗ್ ಪರೀಕ್ಷೆಗೆ ಕೂತಾಗ ಮೇಷ್ಟ್ರು ಅಂದ್ರು, ಬೆರಳಲ್ಲಿ ಜಡ್ಡು ಕಟ್ಟಿದ್ರೆ ಅಕ್ಷರ ತಪ್ಪುತ್ತೆ ಅಂತ. ತಮ್ಮನ ಕೈಗೆ ಕೊಟ್ಟು ಇಲ್ಲಿಗೆ ಬಂದೆ. ಅವನು ಬಿದ್ದಾಗ ಅಂದ್ಕೊಂಡೆ, ಐದು ವಾರ ಅವನ ಜಾಗದಲ್ಲಿ ನಿಂತಿದ್ದು ಜಾಗ ಕಾಯೋಣ ಅಂತ. ರೈಲಲ್ಲಿ ಕರ್ಚೀಫು ಹಾಕ್ತಾರಲ್ಲ, ಹಂಗೆ."

5. ಆದರೆ ಬೆರಳಚ್ಚುಗಾರ್ತಿಯವರಿಗೆ ಗೊತ್ತಿದ್ದದ್ದು ಹಳೆಯ ಕಾಲದ ಸಾದಾ ಪೆಟ್ಟು ಮಾತ್ರ: ಹೆಬ್ಬೆರಳಿಂದ ತಂತಿಗೆ ಹೊಡೆಯುವುದು, ಬೆರಳು ಎಗರಿ ಬರುವುದು, ಒಂದು ಸದ್ದು. ತಮ್ಮನ ಹಾಡಿಗೆ ಬೇಕಾದದ್ದು ಉನ್ನತ ಪದ್ಧತಿ. ಇದರಲ್ಲಿ ಹೆಬ್ಬೆರಳು ತಂತಿಗೆ ಹೊಡೆದು, ಎಗರದೆ, ಮುಂದಕ್ಕೆ ಹಾದು ಪಕ್ಕದ ತಂತಿಯ ಮೇಲೆ ಕೂರುತ್ತದೆ. ಇದು ಇಳಿಪೆಟ್ಟು. ವಾಪಸು ಬರುವಾಗ ಅದೇ ತಂತಿಯನ್ನು ಕೆಳಗಿನಿಂದ ಮೀಟಿಕೊಂಡು ಬರುತ್ತದೆ. ಇದು ಏರುಪೆಟ್ಟು. ಹೀಗೆ ಹೋಗುವಾಗ ಒಂದು, ಬರುವಾಗ ಒಂದು, ಒಟ್ಟು ಎರಡು ಸದ್ದು. ಇಲಾಖೆಯ ಯಾವ ಸಿಬ್ಬಂದಿಯೂ ಒಮ್ಮೆ ಹೋಗಿ ಬರುವುದರಲ್ಲಿ ಎರಡು ಕೆಲಸ ಮುಗಿಸಿದ ಉದಾಹರಣೆ ಇಲ್ಲವಾದ್ದರಿಂದ, ಕೆಳಸಹಿದಾರರು ಇದನ್ನು ಮೂರು ಸಲ ಹೇಳಿಸಿಕೊಂಡಿರುತ್ತಾರೆ.

6. ತಮ್ಮನವರು ಗೋಡೆ ಬಿಟ್ಟು ಇತ್ತ ತಿರುಗಿದ್ದು ಅಕ್ಕನ ಮೊದಲ ಏರುಪೆಟ್ಟಿನ ಸದ್ದು ಕೇಳಿ ತಾಳಲಾರದೆ. "ಅಕ್ಕ, ಅದು ಸೊಳ್ಳೆ ಹೊಡೆಯೋದಲ್ಲ. ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ. ಹೊಡೀಬೇಡ, ತಿರುಗಿಸು" ಎಂದು ಪ್ಲಾಸ್ಟರಿನ ಕೈಯನ್ನೇ ಆಡಿಸಿ ತೋರಿಸಿ, ನೋವಿನಿಂದ ನರಳಿ, ಮತ್ತೆ ತೋರಿಸಿರುತ್ತಾರೆ. ಮನೆಯಲ್ಲಿ ಹೆಚ್ಚು ಹೊತ್ತು ಅಭ್ಯಾಸ ಮಾಡುವಂತಿಲ್ಲ; ಪಕ್ಕದ ಮನೆಯಲ್ಲಿ ಹೊಸದಾಗಿ ಹುಟ್ಟಿದ ಅವಳಿ ಮಕ್ಕಳಿದ್ದು, ಅವು ಸರದಿಯ ಮೇಲೆ ಮಲಗುತ್ತವೆ. ಆದ್ದರಿಂದ ಬೆರಳಚ್ಚುಗಾರ್ತಿಯವರು ಊಟದ ವಿರಾಮದಲ್ಲಿ ನೆಲಮಾಳಿಗೆಯ ದಾಖಲೆ ಕೊಠಡಿಯನ್ನು ಆರಿಸಿಕೊಂಡಿರುತ್ತಾರೆ. ಊಟವನ್ನು ಏಳು ನಿಮಿಷದಲ್ಲಿ ಮುಗಿಸಿರುವುದಾಗಿ ತಿಳಿದುಬಂದಿದೆ.

7. ಸದರಿ ಗಿಟಾರಿಗೆ ಧ್ವನಿವರ್ಧಕ ಜೋಡಿಸಿರಲಿಲ್ಲ. ಆದರೆ ತಮಗೇ ಕೇಳಿಸಲೆಂದು ಅವರು ಗಿಟಾರಿನ ತಲೆಯನ್ನು ಐದನೇ ಕಬ್ಬಿಣದ ಕಪಾಟಿಗೆ ಆನಿಸಿಟ್ಟು ಬಾರಿಸುತ್ತಿದ್ದರು. ಕಪಾಟುಗಳು ಹದಿನಾಲ್ಕು, ಒಂದಕ್ಕೊಂದು ಅಂಟಿಕೊಂಡಿವೆ, ಕೊನೆಯದು ತೊಲೆಗೆ ತಾಗಿದೆ, ತೊಲೆಯ ಮೇಲೆ ನಕ್ಷೆ ಶಾಖೆ, ನಕ್ಷೆ ಶಾಖೆಯಲ್ಲಿ ಹಿರಿಯ ನಕ್ಷೆಗಾರರ ಮೇಜು. ಹೆಬ್ಬೆರಳಿನ ಪ್ರತಿ ಪೆಟ್ಟೂ ಹದಿನಾಲ್ಕನೇ ಕಪಾಟು ದಾಟಿ ನೇರವಾಗಿ ಸದರಿಯವರ ಪೆನ್ನಿನ ತುದಿಗೆ ತಲುಪುತ್ತಿತ್ತು. ಇಲಾಖೆಯ ಯಾವ ಕಾಗದವೂ ಇಷ್ಟು ಬೇಗ ನಕ್ಷೆ ಶಾಖೆಗೆ ತಲುಪಿದ ದಾಖಲೆ ಇಲ್ಲ.

8. ಹಿರಿಯ ನಕ್ಷೆಗಾರರು ನೀರಿನ ಕೊಳವೆಗಳ ನಕ್ಷೆಯನ್ನು ಇಂದಿಗೂ ಕೈಯಿಂದ ಎಳೆಯುವವರು. ಊಟದ ವಿರಾಮದಲ್ಲೂ ಎಳೆಯುವವರು. ಅಭ್ಯಾಸದ ನಾಲ್ಕನೇ ದಿನ ಅವರ ಪೆನ್ನು ಕುಪ್ಪಳಿಸಿ, ವಾಲ್ವ್ ಇಲ್ಲದ ಕಡೆ ನಕ್ಷೆಯಲ್ಲಿ ಒಂದು ವಾಲ್ವ್ ಉಂಟಾಗಿದೆ. ಅದನ್ನು ಹುಡುಕಿಕೊಂಡು ಮೂವರು ಕೆಲಸಗಾರರು ಒಂದು ಬೀದಿಯನ್ನು ಅರ್ಧ ದಿನ ಅಗೆದಿರುತ್ತಾರೆ. ವಾಲ್ವ್ ಸಿಕ್ಕಿರುವುದಿಲ್ಲ. ಒಂದು ಚಪ್ಪಲಿ ಸಿಕ್ಕಿದೆ.

9. ನಕ್ಷೆಗಾರರು ಮೊದಲ ದಿನದಿಂದಲೇ ದಿನಕ್ಕೊಂದರಂತೆ ದೂರು ಬರೆದು ಆಡಳಿತ ಶಾಖೆಗೆ ಸಲ್ಲಿಸಿದ್ದು, ಅವೆಲ್ಲವನ್ನೂ ಸ್ವೀಕರಿಸಿ, ದಿನಾಂಕ ಮತ್ತು ಸಮಯದ ಮೊಹರು ಒತ್ತಿ, ಓದದೆ, ಕಡತಕ್ಕೆ ಸೇರಿಸಲಾಗಿತ್ತು. ಇದು ಕ್ರಮಬದ್ಧವಾಗಿರುತ್ತದೆ.

10. ಅಭ್ಯಾಸದ ಹದಿನಾರನೇ ದಿನ ಬೆಳಿಗ್ಗೆ ಬೆರಳಚ್ಚುಗಾರ್ತಿಯವರು ಎಂದಿನಂತೆ ಬಾಗಿಲ ಬಳಿಯ ಹಾಜರಿ ಯಂತ್ರದ ಮೇಲೆ ಬಲ ಹೆಬ್ಬೆರಳು ಇಟ್ಟಿದ್ದು, ಯಂತ್ರವು "ಮತ್ತೆ ಪ್ರಯತ್ನಿಸಿ" ಎಂದಿದೆ. ಏರುಪೆಟ್ಟಿನಿಂದ ಬೆರಳ ತುದಿಯಲ್ಲಿ ಮೊದಲು ಬೊಬ್ಬೆ ಎದ್ದು, ಒಡೆದು, ಅನಂತರ ಜಡ್ಡು ಕಟ್ಟಿ, ಗೆರೆಗಳು ಅಳಿಸಿಹೋಗಿದ್ದವು. ಬೆರಳಚ್ಚುಗಾರ್ತಿಯವರ ಬೆರಳಚ್ಚೇ ಯಂತ್ರಕ್ಕೆ ಸಿಗದಂತಾಯಿತು. ಅವರು ಒರೆಸಿಕೊಂಡು, ಊದಿಕೊಂಡು, ಏಳು ಸಲ ಪ್ರಯತ್ನಿಸಿ ಒಳಗೆ ಹೋಗಿ ಕೆಲಸಕ್ಕೆ ಕುಳಿತಿರುತ್ತಾರೆ. ಈ ಬಗ್ಗೆ ಅವರ ಹೇಳಿಕೆ: "ಬೆಳಿಗ್ಗೆ ಯಂತ್ರ ಮತ್ತೆ ಪ್ರಯತ್ನಿಸಿ ಅನ್ನೋದು, ಸಂಜೆ ತಮ್ಮ ಮತ್ತೆ ಪ್ರಯತ್ನಿಸು ಅನ್ನೋನು. ನಾನು ಇಬ್ಬರ ಮಾತೂ ಕೇಳ್ತಾ ಇದ್ದೆ ಸಾರ್. ಬೇರೇನು ಮಾಡ್ಲಿ."

11. ಹೀಗೆ ಹನ್ನೊಂದು ದಿನ ನಡೆದಿದೆ. ಸತತ ಹತ್ತು ದಿನಕ್ಕಿಂತ ಹೆಚ್ಚು ಗೈರಾದವರು ಕೆಲಸ ತೊರೆದಿದ್ದಾರೆಂದು ಭಾವಿಸುವ ನಿಯಮವಿರುವುದರಿಂದ, ಯಂತ್ರವು ತಾನಾಗಿ ವರದಿ ಕಳಿಸಿದೆ. ಅದರ ಆಧಾರದ ಮೇಲೆ ಕೆಳಸಹಿದಾರರು ನೋಟೀಸಿನ ಕರಡು ಬರೆದು, ಬೆರಳಚ್ಚಿಗಾಗಿ ಬೆರಳಚ್ಚು ಶಾಖೆಗೆ ಕಳಿಸಿರುತ್ತಾರೆ. ಸದರಿ ಶಾಖೆಯಲ್ಲಿ ಸದರಿಯವರೊಬ್ಬರೇ ಇರುವುದರಿಂದ, ತಾವು ಕೆಲಸ ತೊರೆದಿರುವ ನೋಟೀಸನ್ನು ತಾವೇ, ಒಂದು ತಪ್ಪೂ ಇಲ್ಲದೆ, ಎರಡು ಪ್ರತಿಗಳಲ್ಲಿ ಬೆರಳಚ್ಚು ಮಾಡಿ, ಸಹಿಗಾಗಿ ಕೊಠಡಿ 4ಕ್ಕೆ ತಂದಿರುತ್ತಾರೆ. ಆಗ ನಡೆದ ಮಾತುಕತೆಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವಾದ್ದರಿಂದ ಇಲ್ಲಿ ನಮೂದಿಸಲಾಗಿದೆ.

ಬೆರಳಚ್ಚುಗಾರ್ತಿ: "ಸಾರ್, ಇದರಲ್ಲಿ ನಾನು ಹನ್ನೊಂದು ದಿನ ಬಂದೇ ಇಲ್ಲ ಅಂತಿದೆ."
ಕೆಳಸಹಿದಾರರು: "ಯಂತ್ರದ ವರದಿಯಮ್ಮ."
ಬೆರಳಚ್ಚುಗಾರ್ತಿ: "ನಾನು ನಿಮ್ಮೆದುರಿಗೇ ನಿಂತಿದೀನಲ್ಲ."
ಕೆಳಸಹಿದಾರರು: "ಅದು ಮೌಖಿಕ."

12. ಕೆಳಸಹಿದಾರರು ನೋಟೀಸಿಗೆ ಸಹಿ ಮಾಡಿರುತ್ತಾರೆ. ಬೆರಳಚ್ಚುಗಾರ್ತಿಯವರು ಒಂದು ಪ್ರತಿಯನ್ನು ತಾವು ಇಟ್ಟುಕೊಂಡು, ಇನ್ನೊಂದನ್ನು ಕಡತಕ್ಕೆ ಹಾಕಿ, ಕಡತದ ದಾರವನ್ನು ನೀಟಾಗಿ ಕಟ್ಟಿ, ಹೋಗಿರುತ್ತಾರೆ. ಆ ಮಧ್ಯಾಹ್ನ ಅಭ್ಯಾಸ ನಡೆದಿಲ್ಲ. ಮರುದಿನ ಬಾಗಿಲ ಕಾವಲುಗಾರರು ನೋಟೀಸಿನ ಪ್ರಕಾರ ಅವರನ್ನು ಒಳಗೆ ಬಿಟ್ಟಿಲ್ಲ. ಅವರು ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಎದುರಿನ ಬಸ್ ನಿಲ್ದಾಣದಲ್ಲಿ, ಯಾವ ಬಸ್ಸನ್ನೂ ಹತ್ತದೆ, ಮಧ್ಯಾಹ್ನದವರೆಗೆ ಕುಳಿತಿದ್ದರು. ಕಾರ್ಯಕ್ರಮಕ್ಕೆ ಮೂರು ದಿನ ಬಾಕಿಯಿತ್ತು. ಇದನ್ನು ಕೆಳಸಹಿದಾರರು ಕಿಟಕಿಯಿಂದ ನೋಡಿರುತ್ತಾರೆ. ನೋಡಿದ್ದು ನಿಯಮಬಾಹಿರವಲ್ಲ, ಆದರೆ ಆ ದಿನ ಊಟ ಸೇರಲಿಲ್ಲ ಎಂಬುದನ್ನೂ ದಾಖಲಿಸಲಾಗಿದೆ.

13. ನೋಟೀಸನ್ನು ಹಿಂಪಡೆಯಬೇಕಾದರೆ ಅವರು ಕಚೇರಿಯಲ್ಲಿದ್ದುದಕ್ಕೆ ದಿನಾಂಕ ಮತ್ತು ಸಮಯ ನಮೂದಿಸಿದ ಲಿಖಿತ ಪುರಾವೆ ಬೇಕಾಗಿತ್ತು. ಅವರು ಬೆರಳಚ್ಚು ಮಾಡಿದ ನೂರಾರು ಪತ್ರಗಳಿದ್ದರೂ, ಬೆರಳಚ್ಚಿನ ಅಕ್ಷರಕ್ಕೆ ಮುಖವಿರುವುದಿಲ್ಲ. ಅವರನ್ನು ದಿನವೂ ನೋಡಿದ ಸಹೋದ್ಯೋಗಿಗಳನ್ನು ಕೇಳಲಾಗಿ, ನೋಡಿದ್ದು ನಿಜವೆಂದೂ, ಬರೆದುಕೊಡುವುದು ಬೇಡವೆಂದೂ, ನಾಳೆ ಯಂತ್ರ ತಮ್ಮ ಮೇಲೂ ಮುನಿಸಿಕೊಂಡರೆ ಯಾರು ಹೊಣೆಯೆಂದೂ ತಿಳಿಸಿರುತ್ತಾರೆ.

14. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಹಿರಿಯ ನಕ್ಷೆಗಾರರು ಕೊಠಡಿ 4ಕ್ಕೆ ಬಂದು, ಕೂರಲು ಹೇಳಿದರೂ ಕೂರದೆ, "ಎರಡು ದಿನದಿಂದ ದೂರು ಬರೆಯೋಕೆ ಏನೂ ಇಲ್ಲ ಸಾರ್" ಎಂದಿರುತ್ತಾರೆ. ಅದು ಒಳ್ಳೆಯದಲ್ಲವೇ ಎಂದು ಕೇಳಲಾಗಿ, ಅವರು ನೀಡಿದ ಉತ್ತರ: "ಅವರು ಬಂದೇ ಇಲ್ಲ ಅಂತ ನೀವು ಬರ್ದಿದೀರಂತೆ. ಇದ್ರು ಸಾರ್. ದಿನಾ ಇದ್ರು. ಅದೇ ನನ್ನ ಗೋಳು. ಅವರು ಇರ್ಲಿಲ್ಲ ಅಂದ್ರೆ ನನ್ನ ಇಪ್ಪತ್ತಾರು ದೂರೂ ಸುಳ್ಳಾಗುತ್ವೆ. ನಾನು ಸುಳ್ಳು ದೂರು ಕೊಡೋನಲ್ಲ. ಕಡತ ತೆಗೀರಿ."

15. ಕಡತವನ್ನು ತೆಗೆಯಲಾಯಿತು. ಮೊದಲ ಬಾರಿಗೆ ಓದಲಾಯಿತು. ಪ್ರತಿಯೊಂದರ ಮೇಲೂ ಕೆಳಸಹಿದಾರರದೇ ಮೊಹರು ಇದ್ದುದರಿಂದ ಅಲ್ಲಗಳೆಯಲು ಅವಕಾಶವಿರಲಿಲ್ಲ. ಸಿಬ್ಬಂದಿಯ ಮಾಹಿತಿಗಾಗಿ ಕೆಲವನ್ನು ಉದ್ಧರಿಸಲಾಗಿದೆ.

ದೂರು 1: "ಕೆಳಗೆ ಯಾರೋ ತಗಡು ಬಡಿಯುತ್ತಿದ್ದಾರೆ. ನಿಲ್ಲಿಸತಕ್ಕದ್ದು."
ದೂರು 4: "ನನ್ನ ಮೂವತ್ತು ವರ್ಷದ ಸೇವೆಯಲ್ಲಿ ನಾನು ಒಂದು ಸುಳ್ಳು ವಾಲ್ವ್ ಹಾಕಿದವನಲ್ಲ."
ದೂರು 9: "1.14ರಿಂದ 1.41ರವರೆಗೆ. ಒಂದೇ ಸಾಲು ನಲವತ್ತು ಸಲ. ಪ್ರತಿ ಸಲವೂ ಆರನೇ ಪೆಟ್ಟಿಗೆ ಎಡವುತ್ತಾರೆ. ಮನುಷ್ಯನ ತಾಳ್ಮೆಗೂ ಮಿತಿಯಿದೆ."
ದೂರು 15: "ಆರು ದಾಟಿದರು. ಎಂಟರಲ್ಲಿ ಬಿದ್ದರು."
ದೂರು 19: "ಅವಸರ ಮಾಡುತ್ತಿದ್ದಾರೆ. ನಿಧಾನಕ್ಕೆ ಬಾರಿಸಿದರೆ ಬರುತ್ತದೆ. ಯಾರಾದರೂ ಹೇಳಬೇಕು."
ದೂರು 23: "ಇಂದು 1.20ಕ್ಕೆ ಶುರು ಮಾಡಿದ್ದಾರೆ. ಆರು ನಿಮಿಷ ತಡವೇಕೆ? ವಿವರಣೆ ಕೇಳತಕ್ಕದ್ದು."
ದೂರು 26: "ಪೂರ್ತಿ ಬಂತು. ಒಂದೇ ಸಲ. ಇನ್ನೊಮ್ಮೆ ಬಾರಿಸಬಹುದಾಗಿತ್ತು."

16. ಆದಾಗ್ಯೂ, ದೂರುಗಳಲ್ಲಿ ಸದ್ದಿನ ಪ್ರಸ್ತಾಪವಿದೆಯೇ ಹೊರತು ಸದ್ದು ಮಾಡಿದವರ ಹೆಸರಿಲ್ಲ ಎಂಬ ಆಕ್ಷೇಪಣೆಯನ್ನು ಕೆಳಸಹಿದಾರರು ಎತ್ತಿರುತ್ತಾರೆ. ಎತ್ತಬೇಕಾದದ್ದು ಅವರ ಕರ್ತವ್ಯ. ಆದ್ದರಿಂದ ಮರುದಿನ ಊಟದ ವಿರಾಮದಲ್ಲಿ ಗುರುತು ಪತ್ತೆ ಪರೀಕ್ಷೆ ಏರ್ಪಡಿಸಲಾಯಿತು. ನಕ್ಷೆಗಾರರನ್ನು ಮೇಲೆ ಅವರ ಮೇಜಿನಲ್ಲೇ ಬಾಗಿಲು ಹಾಕಿ ಕೂರಿಸಿ, ಕೆಳಗೆ ಮೂವರು ಒಬ್ಬರಾದ ಮೇಲೊಬ್ಬರು ಸದರಿ ಗಿಟಾರನ್ನು ಐದನೇ ಕಪಾಟಿಗೆ ಆನಿಸಿ ಬಾರಿಸುವುದು. ಪ್ರತಿಯೊಬ್ಬರಾದ ಮೇಲೂ ನಕ್ಷೆಗಾರರು ತಮ್ಮ ಅಭಿಪ್ರಾಯವನ್ನು ಕಾಗದದ ಮೇಲೆ ಬರೆಯುವುದು.

17. ಮೊದಲನೆಯವರು ಕೆಳಸಹಿದಾರರು. ಹೆಬ್ಬೆರಳಿನಿಂದ ತಂತಿಗೆ ಹೊಡೆದಿದ್ದು, ತಂತಿಯೂ ಹೆಬ್ಬೆರಳಿಗೆ ಹೊಡೆದಿರುತ್ತದೆ. ನಕ್ಷೆಗಾರರ ಬರಹ: "ಇದು ಅವರಲ್ಲ. ಯಾರೋ ಕಪಾಟಿನ ಮೇಲೆ ಬಿದ್ದಿದ್ದಾರೆ. ಎತ್ತತಕ್ಕದ್ದು." ಎರಡನೆಯವರು ಬಾಗಿಲ ಕಾವಲುಗಾರರು. ಬರಹ: "ಅವರಲ್ಲ. ಕೈ ಗಟ್ಟಿಯಿದೆ. ಬೇರೇನೂ ಇಲ್ಲ." ಮೂರನೆಯವರು ಬೆರಳಚ್ಚುಗಾರ್ತಿ. ಅವರು ಎರಡು ದಿನ ಗಿಟಾರ್ ಮುಟ್ಟಿರಲಿಲ್ಲ. ಗಿಟಾರಿನ ತಲೆಯನ್ನು ಕಪಾಟಿಗೆ ಆನಿಸಿ, ಒಮ್ಮೆ ಉಸಿರು ಬಿಟ್ಟು, ನಲವತ್ತು ಸೆಕೆಂಡು ಬಾರಿಸಿರುತ್ತಾರೆ. ಹೋಗುವಾಗ ಒಂದು, ಬರುವಾಗ ಒಂದು. ಕಪಾಟುಗಳೊಳಗಿನ ಕಡತಗಳು ಸಣ್ಣಗೆ ಅದುರುತ್ತಿದ್ದವು. ಆ ವೇಳೆ ಕೆಳಸಹಿದಾರರ ಬಲಗಾಲು ನೆಲವನ್ನು ತಟ್ಟುತ್ತಿದ್ದುದು ಕಂಡುಬಂದಿದ್ದು, ಅದು ಇರುವೆ ಕಚ್ಚಿದ್ದರಿಂದ ಎಂದು ಪಂಚನಾಮೆಯಲ್ಲಿ ಬರೆಯಲಾಗಿದೆ.

18. ಮೇಲಿನಿಂದ ಕಾಗದ ಬರಲಿಲ್ಲ. ಐದು ನಿಮಿಷ ಕಾದರೂ ಬರಲಿಲ್ಲ. ಅನಂತರ ನಕ್ಷೆಗಾರರೇ ಮೆಟ್ಟಿಲಿಳಿದು ಬಂದಿದ್ದು, ಅವರ ಕೈಯಲ್ಲಿದ್ದ ಹಾಳೆ ಖಾಲಿಯಾಗಿತ್ತು. "ಬರೆಯೋದು ಮರೆತೆ ಸಾರ್. ಕೇಳ್ತಾ ಕೂತ್ಬಿಟ್ಟೆ" ಎಂದರು. ಬೆರಳಚ್ಚುಗಾರ್ತಿಯವರ ಕಡೆ ನೋಡದೆ, ಐದನೇ ಕಪಾಟನ್ನು ಉದ್ದೇಶಿಸಿ, "ಎಂಟನೇದರಲ್ಲಿ ಇನ್ನೂ ಸ್ವಲ್ಪ ಗಾಬರಿ ಇದೆ" ಎಂದರು. "ಗೊತ್ತು" ಎಂದು ಬೆರಳಚ್ಚುಗಾರ್ತಿಯವರು ಹೇಳಿರುತ್ತಾರೆ. ಮೂವತ್ತು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ ಇವರಿಬ್ಬರೂ ಪರಸ್ಪರ ಮಾತನಾಡಿದ ಮೊದಲ ಸಂದರ್ಭ ಇದೇ ಎಂದು ತಿಳಿದುಬಂದಿದೆ. ಖಾಲಿ ಹಾಳೆಯನ್ನು ಪುರಾವೆಯೆಂದು ಅಂಗೀಕರಿಸಿ, ನೋಟೀಸನ್ನು ಹಿಂಪಡೆಯಲಾಗಿದೆ.

19. ಕಾರ್ಯಕ್ರಮವು ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಸಿಬ್ಬಂದಿಯಲ್ಲಿ ಇಪ್ಪತ್ತೆರಡು ಮಂದಿ ಸಭಾಂಗಣದಲ್ಲಿ ಇದ್ದುದರಿಂದ ಫಲಿತಾಂಶವನ್ನು ನಮೂದಿಸುವುದು ಅನಿವಾರ್ಯ. ದೀಪ ಆರಿ, ಒಂದೇ ಒಂದು ದೀಪ ಉಳಿದು, ಅದರಡಿ ಬೆರಳಚ್ಚುಗಾರ್ತಿಯವರು ಕಚೇರಿಗೆ ಬರುವ ಸೀರೆಯಲ್ಲೇ ನಿಂತಿದ್ದರು. ಆರು ದಾಟಿತು. ಎಂಟರಲ್ಲಿ ಏರುಪೆಟ್ಟು ಜಾರಿತು. ಅವರು ನಿಲ್ಲಲಿಲ್ಲ, ಬೆರಳಚ್ಚಿನಲ್ಲಿ ತಪ್ಪಿದ ಅಕ್ಷರವನ್ನು ಅಳಿಸಬಹುದು, ಇಲ್ಲಿ ದಾಟಿ ಹೋಗಬೇಕು ಎಂದು ಆ ಕ್ಷಣ ಹೊಳೆಯಿತೆಂದು ಆಮೇಲೆ ಹೇಳಿರುತ್ತಾರೆ. ನಲವತ್ತನೇ ಸೆಕೆಂಡಿಗೆ ಬೇಕರಿಯ ಹೆಂಗಸಿನ ಡ್ರಮ್ ಬಂದು ಕೂಡಿಕೊಂಡಾಗ, ಮುಂದಿನ ಸಾಲಿನಲ್ಲಿದ್ದ ತಮ್ಮನವರು ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಅಳುತ್ತಿದ್ದರು. ಪಕ್ಕದಲ್ಲಿದ್ದ ಕೆಳಸಹಿದಾರರು ಕರವಸ್ತ್ರ ಕೊಟ್ಟಿದ್ದು, ಅದು ಇನ್ನೂ ಹಿಂದಿರುಗಿಲ್ಲ.

20. ಕಾರ್ಯಕ್ರಮ ಮುಗಿದ ಮೇಲೆ ತಂಡದ ಮುಖ್ಯಸ್ಥೆ ತಮ್ಮನಿಗೆ, "ಪ್ಲಾಸ್ಟರ್ ಬಿಚ್ಚಿದ ಮೇಲೆ ಬಾ. ಜಾಗ ಇದೆ. ನಿಮ್ಮಕ್ಕ ನಿಂತ್ಕೊಂಡು ಕಾದಿದಾರೆ" ಎಂದಿರುತ್ತಾರೆ. ಈಗ ಪ್ಲಾಸ್ಟರ್ ಬಿಚ್ಚಿದ್ದು, ತಮ್ಮನವರು ತಂಡಕ್ಕೆ ಮರಳಿರುತ್ತಾರೆ. ಬೆರಳಚ್ಚುಗಾರ್ತಿಯವರು ಗಿಟಾರನ್ನು ಒರೆಸಿ, ಚೀಲಕ್ಕೆ ಹಾಕಿ, ತಮ್ಮನ ಕೈಗೆ ಕೊಟ್ಟಿರುತ್ತಾರೆ. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಅದೇ ಗಿಟಾರನ್ನು ಹೆಗಲಿಗೇರಿಸಿಕೊಂಡು ತಮ್ಮನವರು ಕಚೇರಿಯ ಬಾಗಿಲಿಗೆ ಬಂದಿದ್ದು, ಏಕೆ ಬಂದಿರಿ ಎಂದು ಕಾವಲುಗಾರರು ಕೇಳಲಾಗಿ, "ನಮಗೆ ತಾಲೀಮು ಸಂಜೆ. ಮಧ್ಯಾಹ್ನ ಇದು ಸುಮ್ನೆ ಮೂಲೇಲಿ ನಿಂತಿರುತ್ತೆ. ಅಕ್ಕನಿಗೆ ಕೊಡಿ. ಎಂಟನೇದು ಇನ್ನೂ ಬಾಕಿ ಇದೆ" ಎಂದಿರುತ್ತಾರೆ. ಅಂದಿನಿಂದ ದಿನವೂ ಬರುತ್ತಿದ್ದಾರೆ.

ಸೂಚನೆಗಳು:

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

ಅ) ಬೆರಳಚ್ಚುಗಾರ್ತಿಯವರು ಸದರಿ ಹನ್ನೊಂದು ದಿನ ಕಚೇರಿಯಲ್ಲಿ ಹಾಜರಿದ್ದರೆಂದು ಆದೇಶಿಸಲಾಗಿದೆ. ಅವರು ಆ ದಿನಗಳಲ್ಲಿ ಇದ್ದೇ ಇದ್ದರೂ, ಇಂದಿನಿಂದ ಅಧಿಕೃತವಾಗಿ ಇದ್ದರು.

ಆ) ಅಭ್ಯಾಸಕ್ಕೆ ಮಧ್ಯಾಹ್ನ 1.10ರಿಂದ 1.50ರವರೆಗೆ ಅನುಮತಿ ನೀಡಲಾಗಿದೆ. ಗಿಟಾರಿನ ತಲೆಯನ್ನು ಇನ್ನು ಮುಂದೆ ಐದನೇ ಕಪಾಟಿಗೆ ಆನಿಸದೆ, ನಾಶಪಡಿಸಲು ಮೀಸಲಿಟ್ಟ ಕಡತಗಳಿರುವ ಹನ್ನೊಂದನೇ ಕಪಾಟಿಗೆ ಆನಿಸತಕ್ಕದ್ದು. ಸದರಿ ಕಡತಗಳಿಗೆ ಕೊನೆಗಾಲದಲ್ಲಿ ಒಂದಿಷ್ಟು ಸಂಗೀತ ಕೇಳಿಸುವುದರಲ್ಲಿ ಇಲಾಖೆಗೆ ಆಕ್ಷೇಪಣೆ ಇರುವುದಿಲ್ಲ.

ಇ) ಇಳಿಪೆಟ್ಟನ್ನು ಒಳಬರುವ ಆವಕವೆಂದೂ ಏರುಪೆಟ್ಟನ್ನು ಹೊರಹೋಗುವ ಜಾವಕವೆಂದೂ ಪರಿಗಣಿಸತಕ್ಕದ್ದು. ಪ್ರತಿ ಆವಕಕ್ಕೂ ಒಂದು ಜಾವಕ ಇರಲೇಬೇಕು. ಜಾವಕವಿಲ್ಲದೆ ಉಳಿದ ಆವಕಗಳ ಪಟ್ಟಿಯನ್ನು ತಿಂಗಳ ಕೊನೆಯಲ್ಲಿ ಸಲ್ಲಿಸತಕ್ಕದ್ದು.

ಈ) ಬೆರಳಿನಲ್ಲಿ ಬೊಬ್ಬೆ ಎದ್ದಾಗ ಬೊಬ್ಬೆ ಹೊಡೆಯತಕ್ಕದ್ದಲ್ಲ.

ಉ) ಬೆರಳಚ್ಚುಗಾರ್ತಿಯವರ ಹಾಜರಿಗೆ ಎಡಗೈ ಕಿರುಬೆರಳನ್ನು ನೋಂದಾಯಿಸಲಾಗಿದೆ. ಇತರ ಸಿಬ್ಬಂದಿ ತಮ್ಮ ಯಾವ ಬೆರಳು ಯಾವ ಹವ್ಯಾಸದಲ್ಲಿ ತೊಡಗಿದೆ ಎಂಬುದನ್ನು ಏಳು ದಿನದೊಳಗೆ ಘೋಷಿಸತಕ್ಕದ್ದು. ಬೆಳ್ಳುಳ್ಳಿ ಸುಲಿಯುವುದು, ಸ್ವೆಟರ್ ಹೆಣೆಯುವುದು ಹವ್ಯಾಸವೆನಿಸುತ್ತವೆ. ನೆಟಿಕೆ ತೆಗೆಯುವುದು ದುರಭ್ಯಾಸವಾಗಿದ್ದು, ಅದಕ್ಕೆ ಪ್ರತ್ಯೇಕ ನಮೂನೆ ಇದೆ. ಯಾವ ಹವ್ಯಾಸವೂ ಇಲ್ಲದ ಬೆರಳುಳ್ಳವರು ಕಾರಣ ತಿಳಿಸತಕ್ಕದ್ದು.

ಊ) ಅಕ್ಷರ ಬಾರದವರನ್ನು 'ಹೆಬ್ಬೆಟ್ಟು' ಎಂದು ಕರೆಯುವುದನ್ನು ಕಚೇರಿಯ ಆವರಣದಲ್ಲಿ ನಿಷೇಧಿಸಲಾಗಿದೆ. ಹೆಬ್ಬೆಟ್ಟಿಗೆ ಏನೆಲ್ಲ ಬರುತ್ತದೆ ಎಂಬುದು ಇಲಾಖೆಗೆ ಈಗ ತಿಳಿದಿದೆ.

ಋ) ಅಭ್ಯಾಸದ ವೇಳೆ ಮೇಲಿನ ಮಹಡಿಗಳಲ್ಲಿ ಕಾಲು ತಟ್ಟಲು ಅವಕಾಶವಿದೆ, ಒಬ್ಬರಿಗೆ ಒಂದೇ ಕಾಲು. ತಲೆಯಾಡಿಸುವವರು ತಮ್ಮ ಮುಂದೆ ಕಡತ ಹಿಡಿದು ನಿಂತವರು ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕಳೆದ ವಾರ ಈ ರೀತಿ ಮೂರು ಪ್ರಸ್ತಾವನೆಗಳು ಮಂಜೂರಾಗಿದ್ದು, ಅವುಗಳಲ್ಲಿ ಒಂದು ಒಳ್ಳೆಯದಿರುತ್ತದೆ.

ೠ) ನಕ್ಷೆಯಲ್ಲಿ ತಾನಾಗಿ ಮೂಡಿದ ವಾಲ್ವ್ ಅನ್ನು ಯಾರೂ ತಿರುಗಿಸತಕ್ಕದ್ದಲ್ಲ. ಅದರ ವಾರ್ಷಿಕ ತಪಾಸಣೆ ಎಂದಿನಂತೆ ನಡೆಯತಕ್ಕದ್ದು. ಅಗೆದಾಗ ಸಿಕ್ಕ ಚಪ್ಪಲಿಯ ವಾರಸುದಾರರು ಇನ್ನೊಂದು ಚಪ್ಪಲಿಯನ್ನು ಧರಿಸಿಕೊಂಡು ಬಂದು ಪಡೆಯಬಹುದು.

ಎ) ಹಿರಿಯ ನಕ್ಷೆಗಾರರು ಮೊದಲಿನಂತೆ ದಿನಕ್ಕೊಂದು ದೂರು ಬರೆಯತಕ್ಕದ್ದು. ಇನ್ನು ಮುಂದೆ ದೂರನ್ನು ಆಡಳಿತ ಶಾಖೆಗೆ ಕೊಡದೆ, ನೇರವಾಗಿ ಬೆರಳಚ್ಚುಗಾರ್ತಿಯವರ ಕೈಗೆ ಕೊಡತಕ್ಕದ್ದು. ಕೊಡುವಾಗ ಕಪಾಟನ್ನು ನೋಡದೆ ಅವರನ್ನೇ ನೋಡಿ ಮಾತನಾಡಲು ಸೂಚಿಸಲಾಗಿದೆ. ದೂರನ್ನು ಓದಿದ ಮೇಲೆ ಅವರು ಒದಗಿಸುವ ಚಹಾವನ್ನು ಲಂಚವೆಂದು ಪರಿಗಣಿಸುವುದಿಲ್ಲ.

ಏ) ತಮ್ಮನವರು ಬಾಗಿಲಲ್ಲಿ ನಿಂತು ಕಾಯುವುದು ಕಚೇರಿಗೆ ಶೋಭೆಯಲ್ಲ. ಅವರಿಗಾಗಿ ದಾಖಲೆ ಕೊಠಡಿಯ ಒಳಗೆ, ಹೆಬ್ಬೆರಳು ಚೆನ್ನಾಗಿ ಕಾಣುವ ಕಡೆ, ಒಂದು ಕುರ್ಚಿಯನ್ನು ಮಂಜೂರು ಮಾಡಲಾಗಿದೆ. ಸದರಿ ಕುರ್ಚಿಯ ಮೇಲೆ ಸ್ಟೂಲು ಇಡತಕ್ಕದ್ದಲ್ಲ.

ಈ ಸುತ್ತೋಲೆಯಲ್ಲಿ ಯಾವುದೇ ತಪ್ಪು ಕಂಡುಬಂದಲ್ಲಿ ಅಲ್ಲಿಯೇ ನಿಲ್ಲದೆ ಮುಂದಕ್ಕೆ ಓದಿಕೊಂಡು ಹೋಗಲು ಸೂಚಿಸಲಾಗಿದೆ.

(ಸಹಿ)
ಆಡಳಿತಾಧಿಕಾರಿ
ಕೊಠಡಿ 4

ಪ್ರತಿಗಳು:
1) ಎಲ್ಲ ಶಾಖೆಗಳ ಸೂಚನಾ ಫಲಕಗಳಿಗೆ. ನಾಲ್ಕೂ ಮೂಲೆಗೆ ಪಿನ್ನು ಚುಚ್ಚತಕ್ಕದ್ದು.
2) ಹಿರಿಯ ನಕ್ಷೆಗಾರರಿಗೆ, ಮಾಹಿತಿಗಾಗಿ ಮತ್ತು ಟೀಕೆಗಾಗಿ.
3) ಬಾಗಿಲ ಕಾವಲುಗಾರರಿಗೆ. ಗಿಟಾರ್ ಬಾರಿಸಲು ಎರಡನೇ ಅವಕಾಶಕ್ಕಾಗಿ ಸಲ್ಲಿಸಿದ ಅವರ ಅರ್ಜಿ ಪರಿಶೀಲನೆಯಲ್ಲಿದೆ.
4) ಬೇಕರಿಯ ಮುಖ್ಯಸ್ಥೆಯವರಿಗೆ, ವಂದನೆಗಳೊಂದಿಗೆ.
5) ನಿರ್ದೇಶಕರ ಆಪ್ತ ಸಹಾಯಕರಿಗೆ. ನಿರ್ದೇಶಕರು ತಮ್ಮ ಕುರ್ಚಿಯನ್ನು ಕಿಟಕಿಯ ಪಕ್ಕದಿಂದ ದಾಖಲೆ ಕೊಠಡಿಯ ತೊಲೆಯ ನೇರಕ್ಕೆ ಸರಿಸಿಕೊಂಡಿರುವ ಬಗ್ಗೆಯೂ, ಮಧ್ಯಾಹ್ನ ಒಂದರ ಸಭೆಗಳನ್ನೆಲ್ಲ ಎರಡಕ್ಕೆ ಮುಂದೂಡಿರುವ ಬಗ್ಗೆಯೂ ಯಾರಿಗೂ ಕಾರಣ ತಿಳಿಸಬಾರದೆಂಬ ಕೋರಿಕೆಯೊಂದಿಗೆ.